ತಳದ ನೀರು

ಶಿವಯೋಗೆಪ್ಪ ಅನಸವ್ವನ ಹೆಬ್ಬೆರಳನ್ನು ಮಸಿಗೆ ಒತ್ತಿ ಆಗಿತ್ತು. ಇನ್ನು ಕಾಗದಕ್ಕೆ ಒತ್ತುವುದೊಂದೇ ಬಾಕಿ. ಅಂಗಳದಲ್ಲಿ ಅವಳ ಗಂಡ ಮಹಾಲಿಂಗಪ್ಪನ ಮೈ ತೊಳೆದ ನೀರು ಇನ್ನೂ ಹರಿಯುತ್ತಿತ್ತು.

“ಏನ್ ಬರದೈತ್ರಿ ಅದರಾಗ?” ಮೈದುನ ನಿಂಗಣ್ಣ ಕೇಳಿದ.

“ಎಂಜಿನ್ ನೋಡೂದು ಅವಂದ ಕೆಲಸ ಇತ್ತು ಅಂತ. ಅಷ್ಟ. ಒತ್ತಿದ್ರ ಹುಡುಗೀನ ಕೆಲಸಕ್ಕ ತಗೋತಾರ ಧಣಿ.” ಶಿವಯೋಗೆಪ್ಪ ಧಣಿಯ ಸಕ್ಕರೆ ಕಾರ್ಖಾನೆಯ ಮ್ಯಾನೇಜರ.

ಅನಸವ್ವನ ಮಗಳು ಸ್ನೇಹಾ ಬಾಗಿಲ ಮರೆಯಿಂದಲೇ ಓದಿದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟರೂ ಅಕ್ಷರ ಮರೆತಿರಲಿಲ್ಲ. ‘ಪೆಟ್ರೋಲ್ ಪರೀಕ್ಷೆ ಮಾಡದೆ ಬಿಟ್ಟದ್ದು ನನ್ನ ಗಂಡನ ತಪ್ಪು’ ಎಂದಿತ್ತು. ಪರಗಂಡಸರ ಮುಂದೆ ಅವಳಿಗೆ ಮಾತು ಬರುತ್ತಿರಲಿಲ್ಲ. ಸುಮ್ಮನೆ ಬಂದು ಅವ್ವನ ಹೆಬ್ಬೆರಳನ್ನು ತನ್ನ ಓಢಣಿಯಿಂದ ಒರೆಸಿಬಿಟ್ಟಳು.

“ಮೊದಲ ಹೆಣಾ ಎತ್ತೂಣ್ರಿ,” ಎಂದ ನಿಂಗಣ್ಣ.

ಕಟ್ಟೆಯ ಮೇಲೆ ಹೆಂಗಸರು ಪಿಸುಗುಟ್ಟುತ್ತಿದ್ದರು. “ಏನಾರ ಅನ್ನವಾ, ವಿಮಾನ ಹತ್ತಿ ಸತ್ತ. ಬನಹಟ್ಟ್ಯಾಗ ನಮ್ಮ ಓಣ್ಯಾಗ ಯಾರ್ ಹತ್ಯಾರ?”

“ಎಷ್ಟ ಮ್ಯಾಲ ಹೋಗಿತ್ತಂತ?”

“ತೆಂಗಿನ ಗಿಡದಷ್ಟ. ಎಂಜಿನ್ ಬಂದ್ ಆಗಿ ಕಬ್ಬಿನಾಗ ಬಿತ್ತಂತ. ಧಣೀದು ಕಾಲಷ್ಟ ಮುರದೈತಿ.”

* * *

ಮೊನ್ನೆ ಸಂಜೆ ಮಹಾಲಿಂಗಪ್ಪ ಸೈಕಲ್ ಇಳಿದು, ಚೀಲದಿಂದ ಉಪ್ಪಿನಕಾಯಿಯ ಗಾಜಿನ ಬಾಟಲಿ ತೆಗೆದು ಸ್ನೇಹಾಳಿಗೆ ತೋರಿಸಿದ್ದ. ಇಪ್ಪತ್ತು ವರ್ಷ ಪವರ್‌ಲೂಮ್ ರಿಪೇರಿ ಮಾಡಿದವನು, ಈಗ ಧಣಿಯ ಪುಟ್ಟ ವಿಮಾನ ಒರೆಸಿ, ಪೆಟ್ರೋಲ್ ತುಂಬಿಸುತ್ತಿದ್ದ.

“ನೋಡವಾ. ಮ್ಯಾಲ ನೀಲಿ ಐತಲ್ಲ, ಅದು ವಿಮಾನದ ಪೆಟ್ರೋಲ. ತಳದಾಗ ಬೆಳ್ಳಗ ಇದ್ದದ್ದು ಮಳಿ ನೀರ. ಟಾಕಿಯಿಂದ ಬಸದೇನಿ, ಒಳಗ ಇನ್ನೂ ಐತಿ. ನೆಲದ ಮ್ಯಾಲ ಎಂಜಿನ್ ಛಲೋನ ತಿರಗತೈತಿ. ಮೂತಿ ಮ್ಯಾಲಕ್ಕ ಎತ್ತಿದ್ರ ಈ ನೀರ ಸರದ ಪೈಪಿಗೆ ಬರತೈತಿ. ಆತು, ಉಸರ ನಿಂತಂಗ.”

“ಧಣಿಗಿ ಹೇಳಿಲ್ಲ?”

“ಹೇಳೀನಿ. ಟಾಕಿ ಪೂರಾ ಒಣಗಸಬೇಕು, ಎರಡ ದಿನಾ ಬೇಕ್ರಿ ಅಂದೆ. ರಾಜಕುಮಾರ ಧಣಿ ನಕ್ರು. ‘ನಾಳಿ ಹಾರೂದು ಖರೆ. ನೀನೂ ಬಾಜೂಕ ಕುಂದ್ರು, ನಿನ್ನ ಅಂಜಿಕಿ ಹೋಗತೈತಿ’ ಅಂದ್ರು.”

“ಹೋಗಬ್ಯಾಡ ಅಪ್ಪಾ.”

“ಒಲ್ಲೆ ಅಂದ್ರ ನಾಳಿಂದ ಗೇಟಿನ ಒಳಗ ಬಿಡೂದಿಲ್ಲ.” ಮುಚ್ಚಳವನ್ನು ಬಿಗಿಯಾಗಿ ತಿರುವಿ ಅವಳ ಕೈಗೆ ಕೊಟ್ಟ. “ಜ್ವಾಕಿ ಇಡು. ಯಾರಾರ ಕೇಳಿದ್ರ ತೋರಸಾಕ ಬೇಕು.”

* * *

ಯಾರೂ ಕೇಳಲಿಲ್ಲ. ಹಿರಿಯರ ಮುಂದೆ ತಾನೇ ತೋರಿಸಬೇಕೆಂದು ಸ್ನೇಹಾ ಬಾಟಲಿಯನ್ನು ಓಢಣಿಯೊಳಗೆ ಸುಡುಗಾಡಿನತನಕ ತಂದಿದ್ದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು.

ಕಟ್ಟಿಗೆ ಹಸಿಯಿತ್ತು. ಒಂದು ಮೂಲೆಯಲ್ಲಿ ಸಣ್ಣ ಉರಿ, ಉಳಿದದ್ದೆಲ್ಲ ಹೊಗೆ. ಕಣ್ಣೊರೆಸಿಕೊಳ್ಳುತ್ತ ತಿರುಗಿದ ನಿಂಗಣ್ಣನಿಗೆ ಅವಳು ಆಗಷ್ಟೇ ಹೊರತೆಗೆದ ಬಾಟಲಿಯ ನೀಲಿ ಕಾಣಿಸಿತು.

“ಪೆಟ್ರೋಲ? ಶಾಣೇಕಿ ನೋಡು ನನ್ನ ಮಗಳು!” ಬಾಟಲಿ ಕಸಿದುಕೊಂಡು ಮುಚ್ಚಳ ತೆಗೆದ.

“ಬ್ಯಾಡ ಕಾಕಾ! ಅದು ವಿಮಾನದ ಟಾಕೀದು, ಅದರಾಗ ನೀರ ಐತಿ!”

ಅಷ್ಟು ದೊಡ್ಡ ದನಿ ಅವಳಲ್ಲಿದೆಯೆಂದು ಅವ್ವನಿಗೂ ಗೊತ್ತಿರಲಿಲ್ಲ. ಶಿವಯೋಗೆಪ್ಪ ತಟ್ಟನೆ ತಿರುಗಿ ನೋಡಿದ.

“ಪೆಟ್ರೋಲಿನ್ಯಾಗ ಎಲ್ಲೀ ನೀರ ಬೇ?” ನಿಂಗಣ್ಣ ದೂರದಿಂದಲೇ ಬಾಟಲಿಯನ್ನು ಚಿತೆಗೆ ಬೋರಲು ಹಾಕಿ ಎರಚಿದ.

ಉರಿ ಆಳೆತ್ತರ ಎದ್ದಿತು. ಜನ ಹಿಂದೆ ಸರಿದರು. ಆಮೇಲೆ ತಳದ್ದು ಬಿದ್ದು ಚುಂಯ್ ಎಂದಿತು. ಮಹಾಲಿಂಗಪ್ಪನ ಕಾಲ ಬಳಿ ಬೆಂಕಿ ಆರಿ, ಕಟ್ಟಿಗೆ ಕಪ್ಪಗಾಗಿ, ಬೆಳ್ಳನೆಯ ಹಬೆ ಎದ್ದಿತು.

ಎಲ್ಲರೂ ಅದನ್ನೇ ನೋಡಿದರು. ನಿಂಗಣ್ಣ ಬಾಟಲಿಯನ್ನು ನೋಡಿದ, ಅಣ್ಣನ ಕಾಲು ನೋಡಿದ.

ಶಿವಯೋಗೆಪ್ಪ ಕೆಮ್ಮಿದ. “ನಮ್ಮ ಗಾಡ್ಯಾಗ ಪೆಟ್ರೋಲ ಐತಿ. ತರಸ್ಲೇನು?”

ಸ್ನೇಹಾ ಕಾಕಾನ ಕೈಯಿಂದ ಬಾಟಲಿ ಇಸಿದುಕೊಂಡು ಬೆಳಕಿಗೆ ಹಿಡಿದಳು. ತಳದಲ್ಲಿ ಒಂದೇ ಹನಿ ಉಳಿದಿತ್ತು, ಬಣ್ಣವಿಲ್ಲದ್ದು. ಕೆಳಗೆ ಬಿದ್ದಿದ್ದ ಮುಚ್ಚಳವನ್ನು ಹುಡುಕಿ, ಬೂದಿ ಒರೆಸಿ, ಬಿಗಿಯಾಗಿ ತಿರುವಿದಳು.