ಪಿಲ್ಲೂಬಾಯಿಯ ಪ್ಲೇಟು

ಕಂಪ್ಲಿಯ ಅಕ್ಕಿ ಗಿರಣಿ ಮರಿಸ್ವಾಮಿಗೆ ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಅಷ್ಟು ವರ್ಷದಲ್ಲಿ ಹೆಂಡತಿ ಕೊಟ್ರಬಸಮ್ಮ ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಅವನೇನು ಜಿಪುಣನಲ್ಲ. ದೊಡ್ಡ ಕಾಲುವೆ ಬಂದಮೇಲೆ ಸುತ್ತಲಿನ ಎರೆಹೊಲಗಳೆಲ್ಲ ಗದ್ದೆಯಾಗಿ, ಗಿರಣಿಯ ಬಾಗಿಲಲ್ಲಿ ಭತ್ತದ ಬಂಡಿಗಳು ಸಾಲು ಹಚ್ಚಿ ನಿಲ್ಲುತ್ತಿದ್ದವು. ಅವನು ತಂದುಕೊಟ್ಟದ್ದನ್ನು ಆಕೆ ಉಡುತ್ತಿದ್ದಳು, ತೊಡುತ್ತಿದ್ದಳು, "ಚೊಲೊ ಐತ್ರಿ" ಅನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಎಪ್ಪತ್ತೆಂಟನೆಯ ಇಸವಿಯಲ್ಲಿ, ಹೊಸ ಭತ್ತ ಬರಲು ಇನ್ನೂ ತಿಂಗಳಿದ್ದಾಗ, ಮರಿಸ್ವಾಮಿ ಬೊಂಬಾಯಿಗೆ ಹೊರಟ. ಅಕ್ಕಿ ನುಚ್ಚಾಗದ ಹಾಗೆ ಹೊಟ್ಟು ಬಿಡಿಸುವ ಹೊಸ ಮಿಷನ್ನು ಅಲ್ಲಿ ಬಂದಿದೆ ಎಂದು ಗಂಗಾವತಿಯ ಗಿರಣಿಯವರು ಹೇಳಿದ್ದರು. ಮಗಳ ಮದುವೆಯಾಗಿತ್ತು, ಮಗ ಬಳ್ಳಾರಿಯ ಹಾಸ್ಟೆಲಿನಲ್ಲಿದ್ದ. ಮನೆಯಲ್ಲಿ ಒಬ್ಬಳೇ ಯಾಕೆ ಇರಬೇಕು, ಸಮುದ್ರವನ್ನಾದರೂ ನೋಡಲಿ ಎಂದು ಹೆಂಡತಿಯನ್ನೂ ಕರೆದುಕೊಂಡ. ಹೊಸಪೇಟೆಯಿಂದ ಸಣ್ಣ ಗಾಡಿ, ಗುಂತಕಲ್ಲಿನಲ್ಲಿ ಮದ್ರಾಸಿನಿಂದ ಬರುವ ಮೇಲ್ ಗಾಡಿ.

ಬೊಂಬಾಯಿಯಲ್ಲಿ ಮಿಷನ್ನಿನ ಮಾತುಕತೆ ಸರಾಗವಾಗಿ ಮುಗಿಯಿತು. ಮರುದಿನ ಲಾಡ್ಜಿನಲ್ಲಿ ಚಹಾ ಕುಡಿಯುತ್ತ ಮರಿಸ್ವಾಮಿ ಕೇಳಿದ. "ಇವತ್ತೆಲ್ಲ ಪುರುಸೊತ್ತು ಐತಿ. ಏನ್ ತಗೊಂತಿ ಹೇಳು. ಸೀರಿ ನೋಡ್ತೀಯೇನು?"

ಕೊಟ್ರಬಸಮ್ಮ ಬಸಿಯೊಳಗಿನ ಚಹಾವನ್ನೇ ನೋಡುತ್ತ ಅಂದಳು. "ಸೀರಿ ಬ್ಯಾಡ್ರಿ. ನನಗೊಂದು ಪ್ಲೇಟು ಬೇಕಾಗಿತ್ತು."

"ಪ್ಲೇಟಾ? ಅಲ್ಲಲೇ, ಸ್ಟೀಲ್ ಸಾಮಾನು ಹೊಸಪೇಟ್ಯಾಗ ಸಿಗೂದಿಲ್ಲೇನು?"

"ಆ ಪ್ಲೇಟಲ್ರಿ. ಗ್ರಾಮಾಫೋನಿಗೆ ಹಚ್ಚತಾರಲ್ಲ, ಅದು."

ಮರಿಸ್ವಾಮಿ ನಕ್ಕ. ಮನೆಯಲ್ಲಿ ಗ್ರಾಮಾಫೋನೇ ಇಲ್ಲ. "ಯಾವ ಹಾಡು? ವಚನಾನಾ, ಸಿನಿಮಾದ್ದಾ?"

"ಹಾಡಲ್ರಿ. ಬರೇ ಊದೋದು. ಜಾಜ್ ಅಂತಾರ ಅದಕ್ಕ."

ತನ್ನ ಹೆಂಡತಿಯ ಬಾಯಲ್ಲಿ ಆ ಮಾತು ಬಂದದ್ದು ಕೇಳಿ ಮರಿಸ್ವಾಮಿಯ ಕೈಯ ಬಸಿ ಅಲ್ಲೇ ನಿಂತಿತು. ಆ ಮಾತನ್ನು ಅವನೂ ಎಲ್ಲೋ ಒಂದೆರಡು ಸಲ ಕೇಳಿದ್ದನಷ್ಟೆ, ಅರ್ಥ ಗೊತ್ತಿರಲಿಲ್ಲ. ಆಕೆ ಮಾತ್ರ ಅದನ್ನು ಮೆಂತ್ಯ, ಜೀರಿಗೆ ಅಂದಷ್ಟು ಸಲೀಸಾಗಿ ಅಂದಿದ್ದಳು.

ಟ್ಯಾಕ್ಸಿಯಲ್ಲಿ ಕೂತಮೇಲೆ ಆಕೆ ತುಸು ತುಸುವಾಗಿ ಹೇಳಿದಳು. ಅವಳ ತಂದೆ ವಿರುಪಾಕ್ಷಪ್ಪ ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಟೈಮ್ ಕೀಪರ್ ಆಗಿದ್ದದ್ದು ಮರಿಸ್ವಾಮಿಗೆ ಗೊತ್ತಿತ್ತು. ಗುಡ್ಡದ ಕೆಳಗಿನ ಕ್ಯಾಂಪಿನಲ್ಲಿ ಪಕ್ಕದ ಮನೆಯವರು ಗೋವಾದವರಂತೆ. ಗಂಡ ಕಂಪ್ರೆಸರ್ ಮೆಕ್ಯಾನಿಕ್, ಹೆಂಡತಿ ಫಿಲೋಮಿನಾ. ಕ್ಯಾಂಪಿನ ಜನದ ಬಾಯಲ್ಲಿ ಆಕೆ ಪಿಲ್ಲೂಬಾಯಿ ಆಗಿದ್ದಳು. ಮಕ್ಕಳಿರಲಿಲ್ಲ. ಅವಳ ತಮ್ಮ ಬೊಂಬಾಯಿಯ ಯಾವುದೋ ಹೋಟೆಲಿನ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ. ಅವನು ಕಳಿಸಿದ ಪ್ಲೇಟುಗಳನ್ನು ಪಿಲ್ಲೂಬಾಯಿ ಮಧ್ಯಾಹ್ನ ಗಂಡ ಪಾಳಿಗೆ ಹೋದಮೇಲೆ ಹಚ್ಚುತ್ತಿದ್ದಳು. ಕೊಟ್ರಬಸಮ್ಮ ಸಾಲಿ ಬಿಟ್ಟು ಮನೆಯಲ್ಲಿದ್ದ ಹುಡುಗಿ. ಒಂದು ದಿನ ಒಲೆಗೆ ಕೆಂಡ ಕೇಳಲು ಹೋಗಿ, ಇಸಿದುಕೊಂಡು ಹೊರಟವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಯಾರೋ ಮೂಗಿನ್ಯಾಗ ಮಾತಾಡಿಧಂಗ ಇತ್ರಿ. ಏನೋ ಹೇಳಾಕ ಹೊಂಟು, ಬ್ಯಾಡ ಬಿಡು ಅಂತ ಸುಮ್ನಾಗಿ, ಮತ್ತ ಹೇಳಿಧಂಗ. ಕೈಯಾಗಿನ ಹಂಚಿನ್ಯಾಗ ಕೆಂಡ ಆರಿ ಬೂದಿ ಆತು. ಅವ್ವ ಬೈದ್ಲು."

ಆಮೇಲೆ ದಿನಾ ಹೋಗುತ್ತಿದ್ದಳು. ಪಿಲ್ಲೂಬಾಯಿ ಹೆಚ್ಚು ಮಾತಿನವಳಲ್ಲ. ಪಡಸಾಲೆಯ ನೆಲಕ್ಕೆ ಚಾಪೆ ಹಾಸಿ, ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಎಲ್ಲ ಪ್ಲೇಟುಗಳಲ್ಲಿ ಒಂದು ಇಬ್ಬರಿಗೂ ಬೇಕಾದದ್ದು. ನೀಲಿ ರಟ್ಟು, ಅದರ ಮೇಲೆ ತುತ್ತೂರಿ ಹಿಡಿದ ಕಪ್ಪು ಮೈಬಣ್ಣದ ಮನುಷ್ಯ, ಅವನ ಕಣ್ಣೂ ಮುಚ್ಚಿತ್ತು. ಮದುವೆಯಾಗಿ ಹೊರಡುವಾಗ ಪಿಲ್ಲೂಬಾಯಿ, "ಪಂಚಮಿಗೆ ತವರಿಗೆ ಬರ್ತೀಯಲ್ಲ, ಕೂತು ಕೇಳೋಣ" ಅಂದಿದ್ದಳು. ಪಂಚಮಿಗೆ ಹೋದರೆ ಪಕ್ಕದ ಮನೆಗೆ ಬೀಗ. ಬೊಂಬಾಯಿಗೋ ಗೋವಾಕ್ಕೋ ಹೋದರು ಎಂದು ಕ್ಯಾಂಪಿನವರು ಹೇಳಿದರು. ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ ನೀನು?"

"ಏನಂತ ಹೇಳ್ಲಿ? ನೀವು ನಗ್ತಿದ್ರಿ."

ಬೆಳಿಗ್ಗೆ ನಕ್ಕದ್ದು ನೆನಪಾಗಿ ಮರಿಸ್ವಾಮಿ ಕಿಟಕಿಯ ಕಡೆ ಮುಖ ತಿರುಗಿಸಿದ.

ಮೊದಲು ಹೋದದ್ದು ಫೋರ್ಟ್ ಕಡೆಯ ದೊಡ್ಡ ಅಂಗಡಿಗೆ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ. ಟೈ ಕಟ್ಟಿದ್ದ ಹುಡುಗ ಊದಿದವರ ಹೆಸರು ಕೇಳಿದ, ಕಂಪನಿ ಕೇಳಿದ. ಕೊಟ್ರಬಸಮ್ಮ ನೀಲಿ ರಟ್ಟು ಎಂದದ್ದನ್ನು ಮರಿಸ್ವಾಮಿ ಹಿಂದಿಯಲ್ಲಿ ತಿಳಿಸಿದ. ಅವನು ಸೌಜನ್ಯದಿಂದಲೇ ನೀಲಿ ರಟ್ಟಿನವು ಒಂದು ಕಟ್ಟು ತಂದು ಮುಂದಿಟ್ಟ. ಆಕೆ ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ, ದೇವರ ಪಟ ನೋಡುವಂತೆ ನೋಡಿ, ಕೆಳಗಿಟ್ಟಳು. ಯಾವುದೂ ಅಲ್ಲ. ಅಷ್ಟು ಹಳೆಯದು ಬೇಕಾದರೆ ಚೋರ್ ಬಜಾರಿಗೆ ಹೋಗಿ ಎಂದು ಹುಡುಗ ದಾರಿ ಹೇಳಿಕೊಟ್ಟ.

ಚೋರ್ ಬಜಾರಿನ ಓಣಿಯಲ್ಲಿ ಮುರುಕು ಕುರ್ಚಿ, ಮೋಟಾರಿನ ಬಾಗಿಲು, ಗೋಡೆ ಗಡಿಯಾರಗಳ ನಡುವೆ ಒಬ್ಬ ಮುದುಕನ ಅಂಗಡಿ. ನೆಲದಿಂದ ಮಾಳಿಗೆಯವರೆಗೆ ಬರೀ ಪ್ಲೇಟುಗಳು. ಮರಿಸ್ವಾಮಿಗೆ ತನ್ನ ಗಿರಣಿಯ ಹಮಾಲರಾದ ಸಾಬರ ಜೊತೆ ಆಡಿ ಆಡಿ ಬಂದ ಹಿಂದಿಯೇ ಗತಿ. ಅದರಲ್ಲೇ ಹೇಳಿದ. ಮುದುಕ ಬಿಳಿ ಗಡ್ಡ ನೀವಿಕೊಳ್ಳುತ್ತ ಕೇಳಿಸಿಕೊಂಡು, ಕೊಟ್ರಬಸಮ್ಮನ ಕಡೆ ತಿರುಗಿದ.

"ಹೆಸರು ಇರಲಿ ಬೇಟಿ. ಅದರ ಧಾಟಿ ನೆನಪಿದೆಯೇ? ಗುನುಗು ನೋಡೋಣ."

ಮರಿಸ್ವಾಮಿ ಕನ್ನಡದಲ್ಲಿ ತಿಳಿಸಿದ. ಕೊಟ್ರಬಸಮ್ಮ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ಬಾಯಿ ತೆರೆದಳು. ಓಣಿಯಲ್ಲಿ ಜನ ಹಾಯುತ್ತಿದ್ದರು, ಎದುರಿನ ಅಂಗಡಿಯವನು ಯಾವುದೋ ತಗಡು ಬಡಿಯುತ್ತಿದ್ದ. ಅವಳ ಮುಖ ಕೆಂಪೇರಿತು, ದನಿ ಹೊರಡಲಿಲ್ಲ.

"ಬರವಲ್ದುರಿ," ಅಂದಳು. ಕಣ್ಣು ತುಂಬಿದ್ದವು. "ನಡೀರಿ, ಹೋಗಾನು."

ಮರಿಸ್ವಾಮಿ ಎದ್ದ. ಹೊರಗೆ ಒಂದು ಕಾಲಿಟ್ಟವನಿಗೆ ಏನೋ ಹೊಳೆದು ನಿಂತ. ಮಗಳು ತೊಟ್ಟಿಲಲ್ಲಿದ್ದಾಗ, ಮಗ ತೊಟ್ಟಿಲಲ್ಲಿದ್ದಾಗ, ಒಳಮನೆಯಿಂದ ಬರುತ್ತಿದ್ದ ಆ ಜೋಗುಳ. ಅದಕ್ಕೆ ಮಾತೇ ಇರಲಿಲ್ಲ, ಬರೀ ಮೂಗಿನ ದನಿ. "ಇದೇನು ಜೋಗುಳಾನ ತಂಗಿ, ಗುಮ್ಮ ಕರದಂಗ ಐತಿ" ಎಂದು ಅವನ ತಾಯಿ ಬೈಯುತ್ತಿದ್ದಳು. ಸಂಡೂರು ಕಡೆಯ ಯಾವುದೋ ಜೋಗುಳ ಇರಬೇಕು ಎಂದು ಅವನು ಸುಮ್ಮನಿದ್ದ.

ತಿರುಗಿ ಬಂದು ಸ್ಟೂಲಿನ ಮೇಲೆ ಕೂತ. ಹುಟ್ಟಿದಾಗಿನಿಂದ ಭಜನೆಯಲ್ಲೂ ದನಿ ಎತ್ತದ ಮನುಷ್ಯ, ಮುದುಕನ ಮುಂದೆ ಕುತ್ತಿಗೆ ಉಬ್ಬಿಸಿಕೊಂಡು ಗುನುಗಿದ. ಶ್ರುತಿ ಇರಲಿಲ್ಲ. ಆದರೂ ಅದು ಏರುವಲ್ಲಿ ಏರಿತು, ಏನೋ ಹೇಳಹೊರಟು ನಿಲ್ಲುವಲ್ಲಿ ನಿಂತಿತು.

ಕೊಟ್ರಬಸಮ್ಮ ಗಂಡನನ್ನೇ ನೋಡುತ್ತಿದ್ದಳು. "ನಿಮಗ ಹೆಂಗ ಗೊತ್ತು?"

"ಎರಡು ಕೂಸು ಮಲಗಿಸಿದ್ದಿ ಇದರಾಗ. ಹೊರಗ ಪಡಸಾಲ್ಯಾಗ ಬಿದ್ದಕೊಂಡಾವ ಯಾರು? ನಾನs ಅಲ್ಲೇನು? ಕೂಸಿಗಿಂತ ಮೊದಲ ನನಗ ನಿದ್ದಿ ಹತ್ತತಿತ್ತು."

ಮುದುಕ ನಗಲಿಲ್ಲ. ಮೆಲ್ಲಗೆ ಅದೇ ಧಾಟಿಯನ್ನು ತಾನೂ ಗುನುಗಿ, ಮರಿಸ್ವಾಮಿ ತಪ್ಪಿದ್ದ ಒಂದು ತಿರುವನ್ನು ಸರಿಪಡಿಸಿ, ಕೊಟ್ರಬಸಮ್ಮನ ಕಡೆ ನೋಡಿದ. ಆಕೆ ಹೌದೆಂದು ಜೋರಾಗಿ ತಲೆಯಾಡಿಸಿದಳು. ಆಗ ಅವಳ ದನಿಯೂ ಹೊರಟಿತು. ಮುಂದಿನ ಭಾಗವನ್ನು ಅವಳೇ ಕೊನೆಯವರೆಗೆ ಗುನುಗಿದಳು. ತಗಡು ಬಡಿಯುವವನು ಕೈ ನಿಲ್ಲಿಸಿದ್ದನ್ನು ಅವಳು ಗಮನಿಸಲಿಲ್ಲ.

"ನೀಲಿ ರಟ್ಟಿನದು ನನ್ನ ಹತ್ತಿರ ಇತ್ತು," ಎಂದ ಮುದುಕ. "ಎಂದೋ ಹೋಯಿತು. ಇನ್ನು ಸಿಗುವುದು ಕಷ್ಟ. ಇದೇ ಧಾಟಿಯನ್ನು ಬೇರೆಯವರು ಬಾರಿಸಿದ್ದು ಇದೆ, ಕೇಳು."

ಹಳೆಯ ಯಂತ್ರದ ಮೇಲೆ ಒಂದು ಪ್ಲೇಟು ಹಚ್ಚಿದ. ಅದು ತುತ್ತೂರಿಯಲ್ಲ, ಪಿಯಾನೊ. ಮೊದಲು ಗುರುತೇ ಸಿಗಲಿಲ್ಲ. ಆಮೇಲೆ ಮಳೆ ಹನಿ ತಗಡಿನ ಮೇಲೆ ಬಿದ್ದಂತೆ ಒಂದೊಂದಾಗಿ ಆ ಧಾಟಿ ಹೊರಬಂತು. ಕೊಟ್ರಬಸಮ್ಮ ನೆಲದ ಮೇಲೆ ಕೂತು, ಪ್ಲೇಟುಗಳ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿದಳು. ಮರಿಸ್ವಾಮಿ ಆ ಮುಖವನ್ನು ಹಿಂದೆಂದೂ ನೋಡಿರಲಿಲ್ಲ. ತನಗೆ ಗೊತ್ತಿಲ್ಲದ ಒಂದು ಊರಿಗೆ ಆಕೆ ಹೊರಟು ನಿಂತಂತೆ, ತಾನು ನಿಲ್ದಾಣದಲ್ಲೇ ಉಳಿದಂತೆ ಅವನಿಗಾಯಿತು.

ಮುಗಿದಮೇಲೆ ಆಕೆ ಕಣ್ಣು ತೆರೆದು, "ಧಾಟಿ ಅದs ಐತ್ರಿ. ಅವರಲ್ಲ," ಅಂದಳು.

ಅದನ್ನೇ ಕೊಂಡರು. ಮುದುಕ ಹಳೆಯ ಉರ್ದು ಪತ್ರಿಕೆಯಲ್ಲಿ ಸುತ್ತಿ ಕೊಡುತ್ತ, ಈ ಸಂಗೀತವೇ ಹೀಗೆ, ಒಬ್ಬರು ಬಾರಿಸಿದಂತೆ ಇನ್ನೊಬ್ಬರು ಬಾರಿಸುವುದಿಲ್ಲ, ಇಂದು ಬಾರಿಸಿದಂತೆ ನಾಳೆ ತಾವೇ ಬಾರಿಸುವುದಿಲ್ಲ ಎಂದ. ಲಾಡ್ಜಿಗೆ ಹಿಂತಿರುಗುವಾಗ ಕೊಟ್ರಬಸಮ್ಮ ಟ್ಯಾಕ್ಸಿಯ ಕಿಟಕಿಯಲ್ಲಿ ನಡೆದುಹೋಗುವ ಹೆಂಗಸರ ಮುಖಗಳನ್ನು, ಫ್ರಾಕು ತೊಟ್ಟ ವಯಸ್ಸಾದವರನ್ನು, ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಯಾರನ್ನು ಹುಡುಕುತ್ತಿದ್ದಾಳೆಂದು ಮರಿಸ್ವಾಮಿ ಕೇಳಲಿಲ್ಲ.

ಹೊಸಪೇಟೆಯಲ್ಲಿ ರಿಕಾರ್ಡ್ ಪ್ಲೇಯರ್ ತೆಗೆದುಕೊಂಡೇ ಊರು ಸೇರಿದರು. ಕಂಪ್ಲಿಯಲ್ಲಿ ಒಂದು ಪೇಚು ಎದುರಾಯಿತು. ಮನೆ ಗಿರಣಿಗೆ ಅಂಟಿಕೊಂಡದ್ದು. ಕರೆಂಟು ಇದ್ದಾಗ ಗಿರಣಿಯ ಗದ್ದಲ, ಕರೆಂಟು ಹೋಗಿ ಗಿರಣಿ ನಿಂತಾಗ ಪ್ಲೇಯರೂ ತಿರುಗುವುದಿಲ್ಲ. ಉಳಿದದ್ದು ಸೋಮವಾರ, ಗಿರಣಿಗೆ ರಜಾ. ಸೋಮವಾರ ಮಧ್ಯಾಹ್ನ ಊಟವಾದಮೇಲೆ ಕೊಟ್ರಬಸಮ್ಮ ಬಾಗಿಲು ಮುಂದೆ ಮಾಡಿ ಪ್ಲೇಟು ಹಚ್ಚುತ್ತಿದ್ದಳು. ಬೀಸುವ ಕೆಲಸಕ್ಕೆ ಬರುತ್ತಿದ್ದ ಹೊಳೆಮ್ಮ ಮೊದಲ ದಿನ ಹೆದರಿ, ಆಮೇಲೆ ರೂಢಿಯಾಗಿ, "ಅಕ್ಕಾರ, ಇವತ್ತು ಸೋಮಾರ, ನಿಮ್ಮ ಟಿಣಿಟಿಣಿ ಐತೇನ್ರಿ" ಎಂದು ಕೇಳುತ್ತಿದ್ದಳು.

ಮರಿಸ್ವಾಮಿಗೆ ಮಾತ್ರ ಆ ಮಾತು ಬಿಡಲಿಲ್ಲ. ಧಾಟಿ ಅದೇ, ಅವರಲ್ಲ. ಬೊಂಬಾಯಿಗೆ ಹೊರಟವರು ಯಾರೇ ಇರಲಿ, ಬಟ್ಟೆ ವ್ಯಾಪಾರಿಯಾಗಲಿ, ಅದಿರಿನ ಲಾರಿಯವರಾಗಲಿ, ಅವರನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿಯುತ್ತಿದ್ದ. "ನೀಲಿ ರಟ್ಟು. ತುತ್ತೂರಿ ಹಿಡದಾವ, ಕಣ್ಣು ಮುಚ್ಚಿರಬೇಕು ನೋಡ್ರಿ. ತೆರದಿದ್ರ ಅಲ್ಲ." ಅವರು ನೀಲಿಯದು ತಂದರು, ಹಸಿರಿನದು ತಂದರು, ಒಬ್ಬನಂತೂ ಯಾವುದೋ ಮಿಲಿಟರಿ ಬ್ಯಾಂಡಿನದು ತಂದ. ಕೆಲವು ವರ್ಷಗಳಲ್ಲಿ ಅಕ್ಕಿ ಗಿರಣಿಯ ಮನೆಯ ಗೂಡಿನಲ್ಲಿ ತಪ್ಪು ಪ್ಲೇಟುಗಳ ದೊಡ್ಡ ಕಟ್ಟೇ ಆಯಿತು. ಕೊಟ್ರಬಸಮ್ಮ ಎಲ್ಲವನ್ನೂ ಕೇಳಿದಳು. ಕೆಲವು ಅವಳಿಗೆ ಹಿಡಿಸಿದವು. ಸ್ಯಾಕ್ಸೊಫೋನಿನದು ಒಂದನ್ನು ಮರಿಸ್ವಾಮಿಯೇ ಕೇಳಿ ಹಚ್ಚಿಸಿಕೊಳ್ಳುವಷ್ಟಾದ.

ಒಂದು ಸೋಮವಾರ, ಬೊಂಬಾಯಿಯಿಂದ ಬಂದ ಇನ್ನೊಂದು ಪ್ಲೇಟನ್ನು ಹಚ್ಚಿ, ಅದೂ ಅಲ್ಲವೆಂದು ತಿಳಿದಮೇಲೆ, ಮರಿಸ್ವಾಮಿ ಚಾಪೆಯ ಮೇಲೆ ಹೆಂಡತಿಯ ಪಕ್ಕ ಗೋಡೆಗೆ ಒರಗಿ ಕೂತಿದ್ದ. ಅವನಿಗೆ ಸೋತು ಹೋದಂತಾಗಿತ್ತು.

"ಸಿಗಂಗಿಲ್ಲ ಅಂತ ಕಾಣತೈತಿ ಕೊಟ್ರೀ. ಮಂದಿಗೆ ಹೇಳಿ ಹೇಳಿ ನಂದೂ ಬಾಯಿ ಒಣಗ್ತು. ಬಿಡೂಣೇನು?"

ಕೊಟ್ರಬಸಮ್ಮ ಪ್ಲೇಯರಿನ ಮುಳ್ಳನ್ನು ಎತ್ತಿಟ್ಟು, ಪ್ಲೇಟನ್ನು ರಟ್ಟಿನೊಳಗೆ ಸೇರಿಸಿದಳು.

"ಸಿಕ್ರೂ ಪಿಲ್ಲೂಬಾಯಿ ಬಂದು ಬಾಜೂಕ ಕುಂದ್ರೂದಿಲ್ರಿ," ಅಂದಳು. "ನನಗ ಗೊತ್ತೈತಿ. ಆದ್ರ ನೀವು ಬಿಡಬ್ಯಾಡ್ರಿ. ಹೇಳ್ಕೊಂತ ಇರ್ರಿ. ಯಾರರೆ ಆಕಿ ಸಲುವಾಗಿ ಹುಡುಕ್ಕೊಂತ ಅದಾರ ಅನ್ನೂದs ಬೇಕು ನನಗ."

ಮರಿಸ್ವಾಮಿ ಹೂಂ ಅಂದ. ಮುಂದಿನ ವಾರ ಕಂಚಗಾರ ಪಂಪಣ್ಣ ಬೊಂಬಾಯಿಗೆ ಹೊರಟಿದ್ದ. ಬಸ್ಸಿನ ಕಿಟಕಿಗೆ ಕೈಯಿಟ್ಟು ಮರಿಸ್ವಾಮಿ ಎಂದಿನಂತೆ ನೀಲಿ ರಟ್ಟಿನ ಗುರುತು ಹೇಳಿದ. ಆಮೇಲೆ, "ಮತ್ತ ಪಂಪಣ್ಣ, ಅಲ್ಲಿ ಗೋವಾದವರು ಯಾರರೆ ಭೆಟ್ಟಿ ಆದ್ರ ಒಂದು ಮಾತು ಕೇಳು. ಫಿಲೋಮಿನಾ ಅಂತ ಒಬ್ಬಾಕಿ, ಮೊದ್ಲು ಸಂಡೂರು ಗಣಿ ಕ್ಯಾಂಪಿನ್ಯಾಗ ಇದ್ಲು," ಅಂದ.

"ಅಷ್ಟು ದೊಡ್ಡ ಊರಾಗ ಹೆಂಗ ಸಿಕ್ಕಾಳಪ್ಪಾ?"

"ಸಿಗ್ಲಿಕ್ಕಿಲ್ಲ. ನೀ ಕೇಳು."

ಬಸ್ಸು ಹೊರಟಿತು. ಮರಿಸ್ವಾಮಿ ಕಾಲುವೆಯ ದಂಡೆ ಹಿಡಿದು ಮನೆಯ ಕಡೆ ನಡೆದ. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಮುದುಕ ಸರಿಪಡಿಸಿದ್ದ ಆ ತಿರುವನ್ನು ಗುನುಗಲು ನೋಡಿದ. ಈ ಸಲವೂ ತಪ್ಪಿತು. ಮತ್ತೆ ಮೊದಲಿನಿಂದ ಹಿಡಿದ.