ಹಿಂದಿನ ಸೀಟು

"ಹಿಂದಿನ ಸೀಟಲ್ಲಿ ಕೂತ್ರೆ ಇವಳಿಗೆ ನಮ್ಮ ಲಚ್ಚಿ ಕಾಣ್ತಾಳಂತೆ," ಎಂದರು ಬೆಳ್ಳಿಯಪ್ಪ, ದನಿ ತಗ್ಗಿಸಿ. "ಪಕ್ಕದಲ್ಲೇ ಕೂತು ಗುನುಗ್ತಾಳಂತೆ. ಮನೇಲಿಲ್ಲ, ತೋಟದಲ್ಲಿಲ್ಲ, ಈ ಕಾರಲ್ಲಿ ಮಾತ್ರ. ಮಂತ್ರವಾದಿ ಬಂದು ಹೋದ. ನೀನೊಮ್ಮೆ ನೋಡು ಮಾರಾಯ."

ಬಣಕಲ್ಲಿನ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ತಯ್ಯಬ್ ಮೋಟಾರು ರಿಪೇರಿ ಮಾಡುತ್ತಿದ್ದ. ಬೆಳ್ಳಿಯಪ್ಪನವರ ಹೆಂಡತಿ ಮುತ್ತಮ್ಮ ದೂರದಲ್ಲಿ ಮಂಜಿಗೆ ಸೆರಗು ಹೊದ್ದು ನಿಂತಿದ್ದಳು. ಅವರ ಏಳು ವರ್ಷದ ಮಗಳು ಲಚ್ಚಿ ಜ್ವರ ಬಂದು, ಚಿಕ್ಕಮಗಳೂರಿನ ಆಸ್ಪತ್ರೆಗೆ ಒಯ್ಯುವಾಗ ಇದೇ ಕಾರಿನಲ್ಲಿ ತೀರಿಕೊಂಡು ಹತ್ತು ತಿಂಗಳಾಗಿತ್ತು.

ತಯ್ಯಬ್‌ಗೆ ದೆವ್ವದ ಕೆಲಸ ಗೊತ್ತಿರಲಿಲ್ಲ. "ನಾನು ಹಿಂದೆ ಕೂತ್ಕತೀನಿ, ನೀವು ಓಡ್ಸಿ," ಎಂದ. ಮುತ್ತಮ್ಮನನ್ನು ಅಲ್ಲೇ ಬಿಟ್ಟು, ಚಳಿಗೆ ಗಾಜು ಏರಿಸಿಕೊಂಡು ಇಬ್ಬರೂ ಮೂಡಿಗೆರೆ ಕಡೆ ಹೊರಟರು. ಕಾರು ಹುಲಿಯಂತೆ ಗುಡುಗುತ್ತಿತ್ತು. ಏರು ಶುರುವಾದಾಗ ತಯ್ಯಬ್‌ನ ಹಣೆ ಭಾರವಾಯಿತು. ಕಿಟಕಿಯಾಚೆ ತೋಟದ ಸಿಲ್ವರ್ ಓಕ್ ಮರಗಳು ಒಂದರೊಳಗೊಂದು ಕರಗಿದವು. ಆಮೇಲೆ ಕಿವಿಯ ಪಕ್ಕದಲ್ಲೇ, ಸತ್ತು ಹನ್ನೊಂದು ವರ್ಷವಾಗಿದ್ದ ಅವನ ತಾಯಿ ರೌಶನ್ ಬೀ, "ಬೇಟಾ," ಎಂದಳು. ಅವಳ ಎಲೆಯಡಿಕೆಯ ವಾಸನೆಯೂ ಬಂತು. ಅವನು ತಿರುಗಿ ನೋಡಲಿಲ್ಲ. ಹೇಗೋ ಬಾಗಿಲು ತಡಕಿ, "ನಿಲ್ಸಿ!" ಎಂದು ಕೂಗಿ, ಇಳಿದು ರಸ್ತೆಯಂಚಿನಲ್ಲಿ ವಾಂತಿ ಮಾಡಿದ.

ವಾಪಸು ಬರುವಾಗ ಎಲ್ಲ ಗಾಜೂ ಇಳಿಸಿದ. ತಾಯಿ ಮತ್ತೆ ಮಾತಾಡಲಿಲ್ಲ.

ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಟ್ಟು, ಹಿಂದಿನ ಹೊಗೆ ಕೊಳವೆಯ ಬಾಯಿಗೆ ಒದ್ದೆ ಗೋಣಿ ಒತ್ತಿ ಹಿಡಿಯಲು ಬೆಳ್ಳಿಯಪ್ಪನವರಿಗೆ ಹೇಳಿದ. ತಾನು ಕಾರಿನಡಿ ತೂರಿ, ಹೊಗೆ ಸೋರುವ ಜಾಗ ಹುಡುಕಲು ಕೊಳವೆಯ ಬೆಸುಗೆಗಳಿಗೆ ಸೋಪಿನ ನೀರು ಚಿಮುಕಿಸಿದ. ಹಿಂದಿನ ಸೀಟಿನ ನೇರ ಕೆಳಗೆ ನೊರೆ ಉಸ್ಸೆಂದು ಉಬ್ಬಿತು.

"ಇದು ಕಂಪನಿ ಪೈಪಲ್ಲವಲ್ಲ?"

"ಅಲ್ಲ. ಯುದ್ಧ ಅಂತ ಹಡಗಲ್ಲಿ ಕಂಪನಿ ಸಾಮಾನು ಬರ್ತಿರ್ಲಿಲ್ಲ. ಮಂಗಳೂರಲ್ಲಿ ಒಬ್ಬನ ಹತ್ರ ಈ ಪೈಪ್ ಮಾಡ್ಸಿದೆ. ಶಬ್ದ ಗಡುಸಾಗಿರ್ಲಿ ಅಂತ ನಾನೇ ಹೇಳಿದ್ದೆ. ಎರಡು ವರ್ಷ ಆಯ್ತು."

ತಯ್ಯಬ್ ಇಂಜಿನ್ ನಿಲ್ಲಿಸಿ ಸೀಟು ಕಿತ್ತ. ನೆಲದ ಹಲಗೆಯ ಸಂದಿನಲ್ಲಿ ಮಸಿ ಕಟ್ಟಿತ್ತು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಎದ್ದು ಬಂತು. ಒಂದು ಮಳೆಗಾಲದ ಮಸಿಯಲ್ಲ ಅದು.

ಮುತ್ತಮ್ಮ ಯಾವಾಗ ಹತ್ತಿರ ಬಂದಳೋ. "ಆವತ್ತು ಗಾಳಿ ತಾಗ್ಬಾರ್ದು ಅಂತ ಗಾಜು ಹಾಕಿದ್ವಿ," ಎಂದಳು. "ನಂಗೂ ಮಂಪರು. ಎದ್ದು ನೋಡಿದ್ರೆ ಉಸಿರಿಲ್ಲ. ಆದ್ರೂ ಕೆನ್ನೆ ಕೆಂಪಗೇ ಇತ್ತು, ಆಟ ಆಡಿ ಮಲಗಿದಂಗೆ."

ತಯ್ಯಬ್‌ನ ಕೈ ನಿಂತಿತು. ಮಂಗಳೂರಿನಲ್ಲಿ ಕೆಲಸ ಕಲಿಯುವಾಗ, ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಹಚ್ಚಿಟ್ಟು ನಿದ್ದೆ ಹೋದ ಡ್ರೈವರೊಬ್ಬನ ಹೆಣವನ್ನು ಅವನು ಎತ್ತಿದ್ದ. ಆ ಡ್ರೈವರನ ಕೆನ್ನೆಯೂ ಕೆಂಪಗೇ ಇತ್ತು. ಮಗುವನ್ನು ಕೊಂದದ್ದು ಜ್ವರವಲ್ಲ.

ಅವನು ಅಂಗೈಯಿಂದ ಮಸಿಯನ್ನು ಒರೆಸಿಬಿಟ್ಟ. "ಹೊಗೆ ಒಳಗೆ ಬರ್ತಿದೆ. ತಲೆಗೆ ಏರಿದ್ರೆ ಇಲ್ಲದ್ದೆಲ್ಲ ಕಾಣ್ತದೆ ಅಮ್ಮ. ಬೆಸುಗೆ ಈ ಮಳೆಗಾಲದಲ್ಲಿ ಬಿಟ್ಟಿದ್ದು, ಅದಕ್ಕೆ ಮೊದ್ಲು ಗಟ್ಟಿ ಇತ್ತು."

"ಈ ಮಳೆಗಾಲದಲ್ಲಾ?" ಬೆಳ್ಳಿಯಪ್ಪ ಕೇಳಿದರು. ಅವರ ಕಣ್ಣು ತಯ್ಯಬ್‌ನ ಕಪ್ಪು ಅಂಗೈ ಮೇಲಿತ್ತು.

"ಹೌದು ಗೌಡ್ರೇ."

"ಸರಿ ಮಾಡಿದ್ರೆ ಅವ್ಳು ಬರಲ್ವಾ?" ಎಂದಳು ಮುತ್ತಮ್ಮ.

ಬೆಳ್ಳಿಯಪ್ಪ ಕೀಲಿಕೈಯನ್ನು ಬೆಂಚಿನ ಮೇಲಿಟ್ಟರು. "ಪೈಪ್ ಕಿತ್ತು ಬಿಸಾಕು. ಕಾರು ಇಲ್ಲೇ ಇರ್ಲಿ. ನಾವು ಬಸ್ಸಲ್ಲಿ ಹೋಗ್ತೀವಿ." ತನ್ನ ಸುಳ್ಳು ಅವರ ಮಟ್ಟಿಗೆ ನಿಲ್ಲಲಿಲ್ಲವೆಂದು ತಯ್ಯಬ್‌ಗೆ ತಿಳಿಯಿತು.

ಇಬ್ಬರೂ ರಸ್ತೆಗಿಳಿದರು. ಬೆಳ್ಳಿಯಪ್ಪ ಬಿರುಸಾಗಿ ಮುಂದೆ ಹೋದರು. ಮುತ್ತಮ್ಮ ಹಿಂದೆ ಉಳಿದು, ಬಲಗೈಯನ್ನು ಸೊಂಟದ ಎತ್ತರಕ್ಕೆ ಪಕ್ಕಕ್ಕೆ ಚಾಚಿ, ತೀರಾ ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದಳು. ತಿರುವಿನಲ್ಲಿ ಬೆಳ್ಳಿಯಪ್ಪ ಹೊರಳಿ ನೋಡಿದರು. ಅವಳು ಬರುವ ತನಕ ಕಾದು, ತಾವೂ ಹೆಜ್ಜೆ ಚಿಕ್ಕದು ಮಾಡಿ, ನಡುವೆ ಒಂದು ಮಗುವಿನಷ್ಟು ಜಾಗ ಬಿಟ್ಟು, ಮಂಜಿನೊಳಗೆ ನಡೆದರು.