ಕುರಿಬಂಡೆಗೆ ಹೋಗುವ ದಾರಿ

ಹೊಂಗೇಕೆರೆ ಊರಿನಲ್ಲಿ ಈ ಸಲ ಎಲ್ಲರ ಬಾಯಲ್ಲೂ ಒಂದೇ ಮಾತು. ಕೆರೆ ತುಂಬಿದೆ. ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ಬಸ್ಸು ಏರಿಯ ಮೇಲೆ ಬಂದಾಗ ಒಳಗಿದ್ದವರೆಲ್ಲ ಕಿಟಕಿಯ ಕಡೆ ವಾಲಿಕೊಂಡು ನೋಡುತ್ತಾರೆ. ಬೇಸಿಗೆಯಲ್ಲಿ ಊರಿನವರು ಸೇರಿ ಜೆಸಿಬಿ ಕರೆಸಿ ಹೂಳು ಎತ್ತಿಸಿದ್ದರು. ಆ ಕಪ್ಪು ಗೋಡು ಮಣ್ಣು ಟ್ರಾಕ್ಟರುಗಟ್ಟಲೆ ತೆಂಗಿನ ತೋಟಗಳಿಗೆ ಹೋಯಿತು. ಆಮೇಲೆ ಮುಂಗಾರು ಚೆನ್ನಾಗಿ ಹುಯ್ದು, ಮೇಲಿನ ಕೆರೆ ಕೋಡಿ ಬಿದ್ದು, ಈ ಕೆರೆಗೂ ನೀರು ಬಂತು.

ನೀರು ಬಂದ ಮೇಲೆ ಹನುಮಂತಯ್ಯನಿಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ತಲೆ ಪೂರ್ತಿ ನರೆತಿದೆ, ಆದರೂ ಅಟ್ಟ ಹತ್ತಿ ಬಿದಿರಿನ ಗಾಳದ ಕೋಲು ಇಳಿಸಿದ. ಹೊಸ ತಂಗೂಸಿ ದಾರ ಕಟ್ಟಿದ. ಬಚ್ಚಲ ನೀರು ಹರಿಯುವ ಕಡೆ ಕೆದಕಿ ಎರೆಹುಳು ತಂದ.

"ಈ ಗಾಳೀಲಿ ಯಾರ್ರೀ ಗಾಳ ಹಾಕ್ತಾರೆ?" ಅಂದಳು ಹೆಂಡತಿ ಗಿಡ್ಡಮ್ಮ.

"ಗಾಳಿ ಹೊಡೆಯೋ ದಡಕ್ಕೇ ಕಣೇ ಮೀನು ಬರೋದು. ನೀನೂ ಬಾ. ಆಷಾಢ ಅಲ್ವಾ?"

ಆಷಾಢ ಅಂದ ತಕ್ಷಣ ಗಿಡ್ಡಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳು ನಗುವುದಕ್ಕೆ ಕಾರಣವಿತ್ತು.

ಅವಳ ತವರು ಕೆರೆಯ ಆಚೆ ದಡದ ಕೊಪ್ಪಲು. ಮದುವೆಯಾದ ವರ್ಷ ಆಷಾಢ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರುವಂತಿಲ್ಲ. ಅವಳನ್ನು ತವರಿಗೆ ಕರೆದುಕೊಂಡು ಹೋದರು. ಅಳಿಯ ಆ ಕಡೆ ತಲೆ ಹಾಕುವ ಹಾಗೂ ಇಲ್ಲ. ಹನುಮಂತಯ್ಯ ಎರಡು ದಿನ ಹೇಗೋ ತಡೆದುಕೊಂಡ. ಮೂರನೆಯ ಸಂಜೆ ಗಾಳ ಎತ್ತಿಕೊಂಡು ಕೆರೆಗೆ ನಡೆದ. ದಡದಿಂದ ಸ್ವಲ್ಪ ದೂರದಲ್ಲಿ, ನೀರಿನ ನಡುವೆ ಕುರಿಬಂಡೆ ಇತ್ತು. ಅಲ್ಲಿಯವರೆಗೂ ಮೊಣಕಾಲುದ್ದ ನೀರು. ಪಂಚೆ ಎತ್ತಿ ಕಟ್ಟಿ ನಡೆದುಹೋಗಿ ಬಂಡೆಯ ಮೇಲೆ ನಿಂತರೆ ಆಚೆ ದಡದ ಸೋಪಾನ ಕಾಣುತ್ತಿತ್ತು. ಸಂಜೆ ಗಿಡ್ಡಮ್ಮ ಬಿಂದಿಗೆ ಹಿಡಿದು ಆ ಸೋಪಾನಕ್ಕೇ ಬರುತ್ತಿದ್ದಳು.

ಒಂದು ತಿಂಗಳು ಪೂರ್ತಿ ಅವನು ಮೀನು ಹಿಡಿದ. ಮೀನು ಸಿಕ್ಕಿದ್ದು ಕಡಿಮೆ. "ಏನ್ಲಾ, ದಿನಾ ಹೋಗ್ತೀಯ, ಬರಿಗೈಲಿ ಬತ್ತೀಯ" ಎಂದು ಅವನ ಅವ್ವ ಬೈಯುತ್ತಿದ್ದರು. ಗಿಡ್ಡಮ್ಮನ ತವರಲ್ಲೂ ಗುಮಾನಿ ಇತ್ತು. ಒಂದೇ ಬಿಂದಿಗೆ ನೀರಿಗೆ ಇಷ್ಟು ಹೊತ್ತು ಯಾಕೆ ಎಂದು ಕೇಳುತ್ತಿದ್ದರು. ಇಬ್ಬರೂ ಒಂದು ದಿನವೂ ಕೂಗಿ ಮಾತಾಡಲಿಲ್ಲ. ಗಾಳಿ ಅಷ್ಟು ಜೋರಾಗಿತ್ತು, ಮಾತಾಡಿದ್ದರೂ ಕೇಳುತ್ತಿರಲಿಲ್ಲ. ನೋಡುವುದೇ ಆಗ ದೊಡ್ಡ ಸುಖವಾಗಿತ್ತು.

ಈಗ ಅದೇ ದಡಕ್ಕೆ ಇಬ್ಬರೂ ಜೊತೆಯಲ್ಲಿ ಬಂದರು. ಗಿಡ್ಡಮ್ಮ ಮಂಡಿ ಹಿಡಿದುಕೊಂಡು ಮರಳಿನ ಮೇಲೆ ಕೂತಳು. ಅಲೆಗಳು ಅವಳ ಕಾಲಿನ ತನಕ ಬಂದು ಹೋಗುತ್ತಿದ್ದವು. ಹನುಮಂತಯ್ಯ ಗಾಳ ಬೀಸಿದ. ಗಾಳಿ ತಂಗೂಸಿಯನ್ನು ತಂದು ಅವನ ಮುಖದ ಮೇಲೇ ಹಾಕಿತು. ಇನ್ನೊಂದು ಸಲ ಬೀಸಿದ. ಬೆಂಡು ದಡದ ಹತ್ತಿರವೇ ಬಿತ್ತು. ಬಹಳ ಹೊತ್ತಿನ ಮೇಲೆ ಅಂಗೈಯಷ್ಟು ಜಿಲೇಬಿ ಮೀನೊಂದು ಸಿಕ್ಕಿತು.

"ಇದನ್ನ ಸಾರು ಮಾಡಿದ್ರೆ ಬೆಕ್ಕೂ ಮುನಿಸ್ಕಳುತ್ತೆ" ಅಂದಳು ಗಿಡ್ಡಮ್ಮ.

"ಕುರಿಬಂಡೆ ಮ್ಯಾಲೆ ನಿಂತು ಹಾಕ್ಬೇಕು. ಅಲ್ಲಾದ್ರೆ ಗಾಳ ಆಳಕ್ಕೆ ಬೀಳುತ್ತೆ." ಅವನು ಪಂಚೆ ಎತ್ತಿ ಕಟ್ಟಿದ. ಬಂಡೆಯ ನೆತ್ತಿ ನೀರಿನ ಮೇಲೆ ಕಾಣುತ್ತಿತ್ತು. ಮೊದಲು ಹೇಗಿತ್ತೋ ಹಾಗೇ ಇತ್ತು. "ಬಾ ನೀನೂ. ಅಲ್ಲಿಂದ ನಿಮ್ಮೂರ ಸೋಪಾನ ಹೆಂಗೆ ಕಾಣ್ತಿತ್ತು ಅಂತ ನೀನು ಒಂದ್ ದಿನಾನೂ ನೋಡಿಲ್ಲ."

ಗಿಡ್ಡಮ್ಮನಿಗೆ ಆಸೆಯಾಯಿತು. ಅಷ್ಟು ವರ್ಷ ಸಂಸಾರ ಮಾಡಿದರೂ ಆ ಬಂಡೆಯ ಮೇಲೆ ಅವಳು ನಿಂತಿರಲಿಲ್ಲ. ಎದ್ದು, ಸೀರೆ ಎತ್ತಿ ಸಿಕ್ಕಿಸಿ, ಅವನ ಕೈ ಹಿಡಿದು ನೀರಿಗೆ ಕಾಲಿಟ್ಟಳು.

"ಮಾವ, ಅಲ್ಲೇ ನಿಲ್ಲಿ."

ಕೂಗಿದವಳು ಪುಷ್ಪಲತಾ. ಸ್ತ್ರೀಶಕ್ತಿ ಸಂಘದವಳು, ಈಗ ಪಂಚಾಯಿತಿ ಸದಸ್ಯೆ ಕೂಡ. ತೋಟದಲ್ಲಿ ಕಾಯಿ ಕೆಡವಿ, ಉದ್ದನೆಯ ಬಿದಿರು ದೋಟಿಯ ತುದಿಗಿದ್ದ ಕುಡುಗೋಲು ಬಿಚ್ಚಿ ಚೀಲದಲ್ಲಿಟ್ಟುಕೊಂಡು, ದೋಟಿಯನ್ನು ಹೆಗಲ ಮೇಲೆ ಹೊತ್ತು ಮನೆಗೆ ಹೊರಟಿದ್ದಳು.

"ನೀರಿಗೆ ಇಳೀಬೇಡಿ ಮಾವ. ಬೇಸಿಗೇಲಿ ಜೆಸಿಬಿ ತೋಡಿರೋ ಗುಂಡಿ ಐತೆ ಅಲ್ಲಿ."

"ನಂಗೇ ಹೇಳ್ತೀಯೇನವ್ವ? ನಾನು ಈಜು ಕಲ್ತಿದ್ದೇ ಈ ಕೆರೇಲಿ. ಕಣ್ಣು ಮುಚ್ಕಂಡು ಬಂಡೆಗೆ ಹೋಗಿ ಬತ್ತೀನಿ."

"ನಿಮಗೆ ಈಜು ಬತ್ತದೆ. ಅತ್ತೆಗೆ?"

ಹನುಮಂತಯ್ಯ ಹೆಂಡತಿಯ ಕಡೆ ನೋಡಿದ. ಗಿಡ್ಡಮ್ಮನಿಗೆ ಈಜು ಬರುತ್ತಿರಲಿಲ್ಲ. ಅವನು ಮೆಲ್ಲಗೆ ಅವಳ ಕೈ ಬಿಟ್ಟ. "ನೀನು ದಡಕ್ಕೆ ಹೋಗು" ಎಂದ. ಅವಳು ದಡ ಹತ್ತಿದಳು, ಅವನು ಮಾತ್ರ ಹಿಂದೆ ಬರಲಿಲ್ಲ.

"ಮೊಣಕಾಲುದ್ದ ನೀರು ಪುಷ್ಪಾ ಇದು. ನಿಂತಿದ್ದೀನಿ, ನೋಡ್ತಿಲ್ವಾ?"

"ನಿಮ್ಮ ತೋಟಕ್ಕೆ ಗೋಡು ಎಲ್ಲಿಂದ ಹೊಡೆಸಿದ್ರಿ ಮಾವ? ಬಂಡೆ ಹತ್ರ ಕಪ್ಪು ಗೋಡು ಚೆನ್ನಾಗೈತೆ, ಅಲ್ಲೇ ತೋಡು ಅಂತ ಜೆಸಿಬಿಯೋನಿಗೆ ನೀವೇ ಹೇಳಿದ್ರಿ. ನಾನೂ ಅಲ್ಲೇ ಇದ್ದೆ."

ಹನುಮಂತಯ್ಯನಿಗೆ ಅದು ನೆನಪಾಯಿತು. ಆದರೆ ಬೇಸಿಗೆಯ ಆ ಬಿರುಕು ಬಿಟ್ಟ ಕೆಂಡದಂಥ ನೆಲವೂ ಈ ತಣ್ಣನೆಯ ನೀರೂ ಒಂದೇ ಜಾಗ ಎಂದು ಅವನ ಮನಸ್ಸಿಗೆ ಹೊಳೆದೇ ಇರಲಿಲ್ಲ. ನೀರು ತುಂಬಿದ್ದೇ ತಡ, ಅವನ ತಲೆಯಲ್ಲಿ ಹಳೆಯ ಕೆರೆ ಬಂದು ಕೂತುಬಿಟ್ಟಿತ್ತು. ಸೋಲೊಪ್ಪುವ ಜಾತಿಯವನಲ್ಲ, ಜೊತೆಗೆ ಹೆಂಡತಿ ಬೇರೆ ನೋಡುತ್ತಿದ್ದಾಳೆ.

"ಆ ಗುಂಡಿ ಬಂಡೆಯಿಂದ ಆಚೆ ಕಣವ್ವ" ಎಂದು ಕೈ ತೋರಿಸುತ್ತ ಒಂದು ಹೆಜ್ಜೆ ಮುಂದಿಟ್ಟ.

ಕಾಲ ಕೆಳಗಿನ ಮಣ್ಣು ಕುಸಿಯಿತು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಮನುಷ್ಯ ನೆತ್ತಿ ಕಾಣದ ಹಾಗೆ ಮುಳುಗಿದ. ಮೇಲೆ ಬಂದಾಗ ಬಾಯಿ ತುಂಬ ನೀರು. ಒದ್ದೆ ಪಂಚೆ ಬಿಚ್ಚಿಕೊಂಡು ಎರಡೂ ಕಾಲಿಗೆ ಸುತ್ತಿಕೊಂಡಿತ್ತು. ಈಜು ಬರುವವನೇ, ಆದರೆ ಕಾಲು ಆಡಿಸಲಾಗಲಿಲ್ಲ. ಗುಂಡಿಯ ಅಂಚು ಹಿಡಿಯಲು ಹೋದರೆ ಮಣ್ಣು ಜಾರಿ ಕೈಗೇ ಬರುತ್ತಿತ್ತು.

ಗಿಡ್ಡಮ್ಮ ಏನೂ ಯೋಚಿಸಲಿಲ್ಲ. ಗಂಡನ ಕಡೆಗೆ ನೀರಿಗೆ ನುಗ್ಗಿದಳು. ಪುಷ್ಪಲತಾ ಓಡಿಬಂದು ಅವಳ ಸೊಂಟ ಹಿಡಿದು ಹಿಂದಕ್ಕೆಳೆದಳು.

"ಇಳೀಬೇಡಿ ಅತ್ತೆ. ನೀವು ಇಳಿದ್ರೆ ಇಬ್ರೂ ಹೋಗ್ತೀರ. ಕೂತ್ಕಂಡು ನನ್ನ ಗಟ್ಟಿ ಹಿಡ್ಕಳಿ."

ಪುಷ್ಪಲತಾ ದಡದಲ್ಲೇ ಕೂತಳು. ಹಿಮ್ಮಡಿಗಳನ್ನು ಮರಳಿನಲ್ಲಿ ಊರಿ ದೋಟಿಯನ್ನು ನೀರಿನ ಮೇಲೆ ಚಾಚಿದಳು. ಗಿಡ್ಡಮ್ಮ ಹಿಂದೆ ಕೂತು ಅವಳನ್ನು ತಬ್ಬಿ ಹಿಡಿದಳು. "ದೋಟಿ ಹಿಡ್ಕಳಿ ಮಾವ. ಒದ್ದಾಡಬೇಡಿ, ನಾವು ಎಳೀತೀವಿ." ಹನುಮಂತಯ್ಯನ ಕೈಗೆ ಬಿದಿರು ಸಿಕ್ಕಿತು. ಇಬ್ಬರು ಹೆಂಗಸರು ಉಸಿರು ಬಿಗಿಹಿಡಿದು ಎಳೆದು ಅವನನ್ನು ದಡಕ್ಕೆ ತಂದರು.

ಕೆಮ್ಮಿ ಕೆಮ್ಮಿ ನೀರು ಕಕ್ಕಿದ. ಗಿಡ್ಡಮ್ಮ ಅವನ ಬೆನ್ನು ಸವರುತ್ತಲೇ ಎರಡು ಗುದ್ದಿದಳು. ಆಮೇಲೆ ಅತ್ತಳು.

"ಅವತ್ತು ನಾನು ಆಚೆ ದಡದಾಗಿದ್ದೆ. ಬಂಡೆ ಮ್ಯಾಲೆ ನಿಂತು ನೋಡಿದ್ರಿ, ಸರಿ. ಇವತ್ತು ಪಕ್ಕದಾಗೇ ಕೂತಿದ್ನಲ್ರೀ. ಯಾರನ್ನ ನೋಡಕ್ಕೆ ಹೋಗ್ತಿದ್ರಿ?"

ಹನುಮಂತಯ್ಯ ಒದ್ದೆ ಪಂಚೆ ಹಿಂಡಿ ಸುತ್ತಿಕೊಂಡ. ಗಾಳಿಗೆ ನಡುಗುತ್ತಿದ್ದ. ಪುಷ್ಪಲತಾಳಿಗೆ ಹೇಳಿದ, "ಕೆರೆ ನಂಗೆ ಗೊತ್ತು ಅಂದ್ಕಂಡಿದ್ದೆ ಕಣವ್ವ. ನಂಗೆ ಗೊತ್ತಿದ್ದ ಕೆರೆ ನಮ್ಮ ತೋಟದಾಗೆ ತೆಂಗಿನ ಬುಡಕ್ಕೆ ಬಿದ್ದೈತೆ."

"ದಡದಿಂದ್ಲೇ ಎಳೆಯೋದು ನಂಗೂ ಮೊದಲು ಗೊತ್ತಿರಲಿಲ್ಲ ಮಾವ" ಅಂದಳು ಅವಳು. "ಬೇಲೂರಲ್ಲಿ ಸಂಘದವರಿಗೆ ಟ್ರೈನಿಂಗ್ ಕೊಟ್ರು. ಮುಳುಗೋರನ್ನ ಕಂಡ್ರೆ ಹಿಂದೆಯೇ ಹಾರಬೇಡಿ, ದಡದಲ್ಲಿದ್ದೇ ಕೋಲು ಚಾಚಿ ಅಂದ್ರು. ಹಗ್ಗ ಎಸೀರಿ, ಏನೂ ಇಲ್ದಿದ್ರೆ ಸೀರೆ ಎಸೀರಿ ಅಂದ್ರು. ಗುಂಡಿ ಹತ್ರ ಗುರುತು ನೆಡ್ಬೇಕು ಅಂತ ಮೀಟಿಂಗಲ್ಲಿ ಹೇಳಿದ್ದೆ. ನೀರು ಬಂದ ಖುಷೀಲಿ ಯಾರೂ ಕಿವಿಗೆ ಹಾಕ್ಕಳಲಿಲ್ಲ. ನಾನೂ ಸುಮ್ಮನಾದೆ. ಅದು ನನ್ನದೂ ತಪ್ಪೇ."

ಮಾರನೆಯ ದಿನ ಮೊದಲು ಬಿದಿರು ಕಡಿದವನು ಹನುಮಂತಯ್ಯನೇ. ಬೇಸಿಗೆಯಲ್ಲಿ ಗೋಡು ಹೊಡೆಸಿದವರನ್ನೆಲ್ಲ ಮನೆಮನೆಗೆ ಹೋಗಿ ಕರೆತಂದ. ಎಲ್ಲೆಲ್ಲಿ ತೋಡಿಸಿದರು ಎಂದು ಅವರ ಬಾಯಲ್ಲೇ ಹೇಳಿಸಿ, ಆ ನೇರಕ್ಕೆ ದಡದುದ್ದಕ್ಕೂ ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿದರು. ದಡದ ಹೊಂಗೆ ಮರಕ್ಕೆ ಒಂದು ಉದ್ದ ಹಗ್ಗ, ಅದರ ತುದಿಗೆ ತೇಲಲೆಂದು ಬಿರಡೆ ಬಿಗಿದ ಖಾಲಿ ಕ್ಯಾನು ಕಟ್ಟಿ ತೂಗುಹಾಕಿದರು. ಗಿಡ್ಡಮ್ಮ ಸಂಘದ ಹೆಂಗಸರನ್ನು ಕೂರಿಸಿ ದೋಟಿ ಚಾಚಿ ಎಳೆಯುವುದನ್ನು ತಾನೇ ತೋರಿಸಿಕೊಟ್ಟಳು. ಗಾಳಿ ಇರುವ ಸಂಜೆ ಈಗಲೂ ಗಂಡ ಹೆಂಡತಿ ಕೆರೆಗೆ ಬರುತ್ತಾರೆ. ದಡದಲ್ಲೇ ಕೂತು ಗಾಳ ಹಾಕುತ್ತಾರೆ, ಸಿಕ್ಕಷ್ಟು ಸಾಕು ಎನ್ನುತ್ತಾರೆ.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮೂರ ಕೆರೆಯ ಹೂಳು ಎತ್ತಿದ್ದೀರಾ? ಒಳ್ಳೆಯ ಕೆಲಸ. ಎಲ್ಲೆಲ್ಲಿ ತೋಡಿದಿರಿ ಎಂದು ಇವತ್ತೇ ಮನೆಯವರಿಗೆ ಹೇಳಿ, ಮಕ್ಕಳಿಗೆ ತೋರಿಸಿ, ಗುರುತು ನೆಡಿ. ಗಾಳ ಹಾಕುವುದಾದರೆ ದಡದ ಮೇಲಿಂದಲೇ ಹಾಕಿ. ಗಾಳ ಎಲ್ಲಾದರೂ ಸಿಕ್ಕಿಕೊಂಡರೆ ತಂಗೂಸಿ ಕತ್ತರಿಸಿ ಬಿಡಿ, ಬಿಡಿಸಲು ನೀರಿಗೆ ಇಳಿಯಬೇಡಿ. ಯಾರಾದರೂ ಮುಳುಗುತ್ತಿದ್ದರೆ ಜನರನ್ನು ಕೂಗಿ, ಕೋಲನ್ನೋ ಹಗ್ಗವನ್ನೋ ಸೀರೆಯನ್ನೋ ಚಾಚಿ, 112ಕ್ಕೆ ಫೋನ್ ಮಾಡಿ. ಚಿಕ್ಕಂದಿನಲ್ಲಿ ನೀವು ಈಜಿದ ಕೆರೆ ಈಗ ಹಾಗಿಲ್ಲ. ಅದನ್ನು ನೆನೆಯಬೇಕು ಅನ್ನಿಸಿದರೆ ನಿಮ್ಮವರ ಪಕ್ಕದಲ್ಲಿ, ಒಣಗಿದ ದಡದ ಮೇಲೆ ಕೂತು ನೆನೆಯಿರಿ.